ನಾನಿಲ್ಲದಾಗ ನನ್ನ ಕೈ ಮಾಡಿದ ಕೆಲಸ

ಫಿಟ್ಸ್ ಅಂದ್ರೆ ನೆಲಕ್ಕೆ ಬಿದ್ದು ಕೈಕಾಲು ಬಡಿಯೋದು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ನನಗೆ ಬರುವುದು ಹಾಗಲ್ಲ. ನಾನು ಬೀಳುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಕೈ ಏನೋ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಎಷ್ಟೋ ಸಲ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ, "ಕರೆದರೂ ತಿರುಗಿ ನೋಡಲ್ಲ, ಬೇಕಂತಲೇ ಮಾಡ್ತಾಳೆ" ಅಂದವರೂ ಇದ್ದಾರೆ.

ಒಂದು ವಿಡಿಯೋ ಸಿಕ್ಕರೆ ತುಂಬಾ ಅನುಕೂಲ ಅಂತ ಡಾಕ್ಟರು ಹೇಳಿದ್ದರು. ತಂಗಿ ಒಂದು ಮಧ್ಯಾಹ್ನ ತೆಗೆದಳು. ಸಂಜೆ ನಾನು ಸುಧಾರಿಸಿಕೊಂಡ ಮೇಲೆ ಇಬ್ಬರೂ ಕೂತು ನೋಡಿದೆವು.

ನನಗೆ ನೆನಪಿದ್ದದ್ದು ಇಷ್ಟೇ: ಬಟ್ಟೆ ಮಡಚುತ್ತಿದ್ದೆ, ಹೊಟ್ಟೆಯೊಳಗಿಂದ ಏನೋ ಗಂಟಲಿನ ತನಕ ಉಕ್ಕಿ ಬಂತು, ಇದೆಲ್ಲ ಹಿಂದೆಯೇ ನಡೆದುಹೋಗಿದೆ ಅಂತ ಗಟ್ಟಿಯಾಗಿ ಅನ್ನಿಸಿತು. ಆಮೇಲೆ ನೋಡಿದರೆ ತಂಗಿ ಪಕ್ಕದಲ್ಲಿದ್ದಳು. ನಡುವಿನದು ಫೋನಿನಲ್ಲಿತ್ತು. ಬಾಯಿ ಚಪ್ಪರಿಸುತ್ತಿದ್ದೇನೆ. ಬಾಯಲ್ಲಿ ಏನೂ ಇಲ್ಲ, ಆದರೂ ಅಗಿದು ನುಂಗುತ್ತಿದ್ದೇನೆ. ಬಲಗೈ ಕುರ್ತಾದ ಗುಂಡಿ ಹಾಕುತ್ತದೆ, ಬಿಚ್ಚುತ್ತದೆ, ಮತ್ತೆ ಹಾಕುತ್ತದೆ. ಎಡಗೈ ಮಾತ್ರ ಮಣಿಕಟ್ಟಿನಲ್ಲಿ ತಿರುಚಿಕೊಂಡು ಕೊರಡಿನ ಹಾಗೆ ಸೆಟೆದಿದೆ. "ಅಕ್ಕಾ, ಇಲ್ನೋಡು" ಅಂತಾಳೆ ತಂಗಿ. "ಹ್ಞಾಂ, ಬಂದೆ, ಬಂದೆ" ಅಂತೀನಿ, ಅವಳ ಕಡೆ ತಿರುಗುವುದೇ ಇಲ್ಲ. ಕೊನೆಗೆ ಬಲಗೈಯಿಂದ ಮೂಗು ಒರೆಸಿಕೊಂಡು ಸುತ್ತ ನೋಡುತ್ತೇನೆ. ಒಂದೂವರೆ ನಿಮಿಷವೂ ಆಗಿರಲಿಲ್ಲ.

ಏನೋ ವಿಚಿತ್ರ ನೋಡಬೇಕಾಗುತ್ತೆ ಅಂತ ಹೆದರಿದ್ದೆ. ಆದರೆ ಅಲ್ಲಿದ್ದದ್ದು ನನ್ನದೇ ರೀತಿ, ದಿನಾ ಗುಂಡಿ ಹಾಕಿಕೊಳ್ಳುವ ಹಾಗೇ, ಯಾರಾದರೂ ಕರೆದರೆ ಒಳಗಿಂದ ಓಗೊಡುವ ದನಿಯಲ್ಲೇ. ಅದನ್ನು ನೋಡಿ ಅತ್ತೆ. ತಂಗಿಯೂ ಅತ್ತಳು.

ಡಾಕ್ಟರಿಗೆ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ರಿಪೋರ್ಟಿನ ಜೊತೆ ಈ ವಿಡಿಯೋ ತೋರಿಸಿದೆವು. ಹೀಗೆ ಅರಿವಿಲ್ಲದೆ ಕೈ, ಬಾಯಿ ತಾವಾಗೇ ಕೆಲಸ ಮಾಡುವುದಕ್ಕೆ ಆಟೊಮ್ಯಾಟಿಸಂ ಅಂತಾರೆ, ಟೆಂಪೊರಲ್ ಲೋಬ್‌ನಲ್ಲಿ, ಅಂದ್ರೆ ಕಿವಿಯ ಹತ್ತಿರದ ಮೆದುಳಿನ ಭಾಗದಲ್ಲಿ, ಶುರುವಾಗುವ ಫಿಟ್ಸ್‌ನಲ್ಲಿ ಇದು ಮಾಮೂಲು ಅಂದರು. ಸೆಟೆದ ಎಡಗೈ, ಆಡುತ್ತಿದ್ದ ಬಲಗೈ, ನಡುವೆ ಸ್ಪಷ್ಟವಾಗಿ ಬಂದ ಮಾತು, ಇವೆಲ್ಲ ಮೆದುಳಿನ ಬಲಭಾಗದ ಕಡೆ ಬೆರಳು ತೋರಿಸುತ್ತವಂತೆ. ಕೆಲವರು ಎದ್ದು ನಡೆಯುತ್ತಾರೆ, ಕೆಲವರು ಬಟ್ಟೆ ಬಿಚ್ಚಲು ಹೋಗುತ್ತಾರೆ. ಅಂಥವರ ಗತಿ ಬೇರೆಯವರ ಕಣ್ಣಲ್ಲಿ ಏನಾಗಬೇಡ ಹೇಳಿ.

ಆಮೇಲೆ ಓದುವಾಗ ಇಂಥದೇ ಫಿಟ್ಸ್ ಇದ್ದ ಒಬ್ಬ ವೈದ್ಯರು ಸಿಕ್ಕರು, ಹೆಸರು ಮರೆಸಿ ಅವರನ್ನು ಡಾಕ್ಟರ್ ಝೆಡ್ ಅಂತ ಕರೆದಿದ್ದಾರೆ. ಅವರ ಕಥೆಯನ್ನು ಇಂಗ್ಲೆಂಡಿನ ನರರೋಗ ತಜ್ಞ ಹ್ಯೂಲಿಂಗ್ಸ್ ಜಾಕ್ಸನ್ 1888ರಲ್ಲಿ ಪ್ರಕಟಿಸಿದ್ದರು. ರೋಗಿಯೊಬ್ಬನನ್ನು ಪರೀಕ್ಷೆ ಮಾಡಲು ಹೊರಟಾಗಲೇ ಝೆಡ್ ಅವರಿಗೆ ಫಿಟ್ಸ್ ಬಂತು. ಎಚ್ಚರವಾದಾಗ ಮೇಜಿನ ಮುಂದೆ ಕೂತಿದ್ದರು, ಎಡ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಅಂತ ಬರೆದೂ ಆಗಿತ್ತು. ಬರೆದದ್ದು ನೆನಪೇ ಇಲ್ಲ. ರೋಗಿಯನ್ನು ಮತ್ತೆ ಪರೀಕ್ಷಿಸಿದರೆ ಬರೆದದ್ದು ಸರಿಯಾಗಿಯೇ ಇತ್ತು! ಇದನ್ನು ಓದಿದ ದಿನ ನನಗೆ ಎಷ್ಟೋ ಧೈರ್ಯ ಬಂತು. ಕೆಲಸ ಅಚ್ಚುಕಟ್ಟಾಗಿದೆ ಅಂದಮಾತ್ರಕ್ಕೆ ಮಾಡಿದವರಿಗೆ ಪ್ರಜ್ಞೆ ಇತ್ತು ಅಂತಲ್ಲ, ಅಲ್ವಾ?

ಆ ವಿಡಿಯೋವನ್ನು ಆಫೀಸಿನಲ್ಲಿ ಪಕ್ಕ ಕೂರುವವರಿಗೂ ತೋರಿಸಿದೆ. ಹಿಂದೊಮ್ಮೆ ಅಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ನನ್ನ ಕೈ ಬಿಗಿಯಾಗಿ ಹಿಡಿದಿದ್ದರಂತೆ, ನಾನು ಕೊಸರಿಕೊಂಡು ಅವರನ್ನು ತಳ್ಳಿದೆನಂತೆ. ಹಿಡಿದು ತಡೆದರೆ ಹೀಗಾಗುವುದುಂಟು, ಅದರಲ್ಲಿ ಸಿಟ್ಟು ಇರುವುದಿಲ್ಲ. "ಹಾಗಾದ್ರೆ ನಾವೇನು ಮಾಡ್ಬೇಕು?" ಅಂತ ಅವರೇ ಕೇಳಿದರು. ಕೈ ಹಿಡ್ಕೋಬೇಡಿ, ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ, ಬಿಸಿಯದ್ದು, ಚೂಪಾದದ್ದು ಹತ್ತಿರ ಇದ್ರೆ ಸರಿಸಿ, ಎದ್ದು ನಡೆದರೆ ಮೆಟ್ಟಿಲ ಕಡೆ ಹೋಗದ ಹಾಗೆ ಮೆಲ್ಲಗೆ ದಾರಿ ತಿರುಗಿಸಿ, ಗಡಿಯಾರ ನೋಡ್ತಿರಿ, ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೀರಿ ಅಂದೆ. ಅವರು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡರು.