‘ನಿಮ್ಮವ್ವನ ಹತ್ರ ಸಾಯೋಕೆ ಸೈನ್ ಹಾಕಿಸ್ಕೊಂಡ್ರಂತೆ?’

ಮದುವೆ ಮನೆ, ಗೃಹಪ್ರವೇಶ, ಬೆಣ್ಣೆದೋಸೆ ಹೋಟ್ಲು, ಎಲ್ಲಿ ಹೋದ್ರೂ ಇದೊಂದೇ ಪ್ರಶ್ನೆ. ಇಲ್ಲ ಕಣ್ರಿ. ಅವ್ವ ನಾಳೆ ಮಾತಾಡೋಕೂ ಆಗ್ದೆ ಮಲಗಿದ್ರೆ, ಇನ್ನು ಗುಣ ಆಗಲ್ಲ ಅಂತ ಡಾಕ್ಟ್ರೇ ಕೈಚೆಲ್ಲಿದ್ರೆ, ಆವಾಗ ಏನೇನ್ ಮಾಡ್ಬೇಕು ಏನೇನ್ ಬ್ಯಾಡ ಅಂತ ಅವ್ವನೇ ಮುಂಚೆ ಬರೆಸಿಟ್ಟಿರೋ ಪತ್ರ ಅದು. ಲಿವಿಂಗ್ ವಿಲ್ ಅಂತಾರೆ, ಆಸ್ತಿಗೂ ಅದಕ್ಕೂ ಸಂಬಂಧ ಇಲ್ಲ. (ಆಸ್ತಿ ಅಂತಿರೋದು ಒಂದು ಹಳೇ ಮನೆ, ಅದರ ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಐತೆ, ಆ ಕತೆ ಬ್ಯಾಡ ಬಿಡ್ರಿ.)

ಇದು ನಮ್ಮ ತಲೆಗೆ ಬಂದಿದ್ದು ದೊಡ್ಡಪ್ಪನ ಕಾಲಕ್ಕೆ. ಸ್ಟ್ರೋಕ್ ಆಗಿ ಹತ್ತೊಂಬತ್ತು ದಿನ ವೆಂಟಿಲೇಟರ್ ಮೇಲಿದ್ರು. ಪೈಪ್ ಕಿತ್ಕೋತಾರೆ ಅಂತ ಎರಡೂ ಕೈ ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಲಿ ಕಟ್ಟಿದ್ರು, ಬೆರಳು ಊದ್ಕೊಂಡು ಉಂಗುರ ಚರ್ಮದೊಳಗೆ ಕೂತುಬಿಟ್ಟಿತ್ತು, ಕೊನೆಗೆ ಕತ್ತರಿಸಿ ತೆಗೆದ್ರು. ಮುಂದೇನ್ ಮಾಡೋಣ ಅಂತ ಡಾಕ್ಟ್ರು ಕೇಳಿದಾಗ ಮಗ ಸಾಕು ಅಂದ, ಮಗಳು ಲಿಫ್ಟ್ ಹತ್ರ ನಿಂತು “ಅಪ್ಪಾಜಿನ ಸಾಯಿಸ್ತಿಯೇನೋ” ಅಂತ ಕಿರುಚಿದ್ಲು. ದೊಡ್ಡಪ್ಪಗೆ ಏನು ಬೇಕಿತ್ತು ಅಂತ ಇಬ್ರಿಗೂ ಗೊತ್ತಿರ್ಲಿಲ್ಲ, ಯಾವತ್ತೂ ಕೇಳೇ ಇರ್ಲಿಲ್ಲ. ವರ್ಷದ ತಿಥಿಗೂ ಅವರಿಬ್ರು ಮಾತಾಡ್ಲಿಲ್ಲ.

ಕಾನೂನು ಕೇಳ್ತೀರಲ್ಲ, 2018ರ ಮಾರ್ಚಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿತ್ತು, ಆದ್ರೆ ಮ್ಯಾಜಿಸ್ಟ್ರೇಟ್ ಸೈನ್ ಬೇಕು ಅಂತಿತ್ತು, ಯಾರು ಓಡಾಡ್ತಾರೆ ಹೇಳಿ. 2023ರ ಜನವರಿಲಿ ಸಡಿಲ ಮಾಡಿದ್ರು, ಈಗ ಇಬ್ರು ಸಾಕ್ಷಿ ಮುಂದೆ ಸೈನ್ ಮಾಡಿ ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸಿದ್ರೆ ಆಯ್ತು. 2025ರ ಜನವರಿ 30ಕ್ಕೆ ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಇದನ್ನ ಜಾರಿ ಮಾಡೋಕೆ ಸುತ್ತೋಲೆ ಹೊರಡಿಸ್ತು. ಘನತೆಯಿಂದ ಸಾಯೋ ಹಕ್ಕು ಕೊಡಿ ಅಂತ ವರ್ಷಗಟ್ಟಲೆ ಹೋರಾಡಿದ ಕರಿಬಸಮ್ಮ ಟೀಚರ್ ನಮ್ಮ ದಾವಣಗೆರೆಯವರೇ, ಆದ್ರೂ ಇಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಂಗಂತ ಮಕ್ಕಳು ಪತ್ರ ತೋರಿಸಿದ ತಕ್ಷಣ ಮಿಷಿನ್ ಆಫ್ ಮಾಡಲ್ಲ. ನೋಡ್ತಿರೋ ಡಾಕ್ಟ್ರು ಜೊತೆಗೆ ಇಬ್ರು ತಜ್ಞರು ಸೇರಿ ಒಂದು ಬೋರ್ಡು, ಅದು ಹೇಳಿದ್ದು ಸರಿನಾ ಅಂತ ನೋಡೋಕೆ ಮೂರು ಜನರದ್ದೇ ಇನ್ನೊಂದು ಬೋರ್ಡು, ಅದರಲ್ಲೊಬ್ರು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟ್ರು, ನನ್ನ ಪರವಾಗಿ ಇವರು ತೀರ್ಮಾನ ಮಾಡ್ಲಿ ಅಂತ ಪತ್ರದಲ್ಲಿ ಹೆಸರು ಬರೆಸಿರೋರ ಒಪ್ಪಿಗೆನೂ ಬೇಕು, ಮ್ಯಾಜಿಸ್ಟ್ರೇಟಿಗೂ ತಿಳಿಸ್ಬೇಕು. ಇಂಜೆಕ್ಷನ್ ಕೊಟ್ಟು ಸಾಯ್ಸೋದು ಇವತ್ತಿಗೂ ಅಪರಾಧನೇ. ಅವ್ವನಿಗೆ ಪ್ರಜ್ಞೆ ಇರೋವರೆಗೂ ಅವ್ವ ಬಾಯಲ್ಲಿ ಹೇಳಿದ್ದೇ ನಡಿಯೋದು, ಮನಸ್ಸು ಬದಲಾದ್ರೆ ಪತ್ರ ವಾಪಸ್ ತಗೋಬಹುದು.

ನಿಜವಾಗ್ಲೂ ಕಷ್ಟ ಆಗಿದ್ದು ಮಾತು ತೆಗೆಯೋದು. ಒಂದು ಸಂಜೆ ಮಂಡಕ್ಕಿ ಮಿರ್ಚಿ ತಂದಿಟ್ಟು, ದೊಡ್ಡಪ್ಪನ ವಿಷಯ ಎತ್ತಿ, ಹಂಗೇ ಕೇಳಿದೆ. ನಾನು ಅಳೋಕೆ ರೆಡಿ, ಅವ್ವ ಮಿರ್ಚಿ ತೊಟ್ಟು ಪಕ್ಕಕ್ಕಿಟ್ಟು “ಬಾಯಿಗೆ ರುಚಿ ಗೊತ್ತಾಗೋವರೆಗೂ ಉಳಿಸ್ರಿ, ಮೂಗಿನಾಗೆ ಪೈಪ್ ಹಾಕಿ ಗಂಜಿ ಬಿಡೋದು ಬ್ಯಾಡ, ನೋವಿಗೆ ಮಾತ್ರ ಔಷಧಿ ಕೊಡ್ಸು” ಅಂದ್ಲು. ಎರಡೇ ನಿಮಿಷ. ನಾನು ಆರು ತಿಂಗಳು ಒದ್ದಾಡಿದ್ದು ಇದಕ್ಕಾ ಅನ್ನಿಸ್ತು.

ಪತ್ರದಲ್ಲಿ ಅಣ್ಣನ ಹೆಸರೂ ಐತೆ, ನಂದೂ ಐತೆ. ನನ್ನ ಕಾಪಿ ಬೀರುಲಿ ಅವ್ವನ ಆಧಾರ್ ಜೊತೆ ಇಟ್ಟಿದೀನಿ. ಅಣ್ಣನ್ನ ಕೇಳಿದ್ರೆ ಹರಿಹರದ ಮನೇಲಿ ಎಲ್ಲೋ ಐತೆ ಅಂತಾನೆ, ಈ ಭಾನುವಾರ ಹೋಗಿ ಹುಡುಕ್ಬೇಕು.