ಸೇವೆಗೂ ಅಟೆಂಡೆನ್ಸ್

ಫ್ರಾಟರ್ನಿಟಿ, ಅಂದರೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಸಂಘ, ಅಂದ ಕೂಡಲೇ ದೊಡ್ಡ ಮನೆ, ವಾರಾಂತ್ಯದ ಪಾರ್ಟಿ, ಗಲಾಟೆ. ಅಮೆರಿಕಕ್ಕೆ ಓದಲು ಬಂದ ನಮ್ಮಂಥವರ ಕಲ್ಪನೆ ಇಷ್ಟೇ, ಅಲ್ವಾ? ಇವತ್ತು ಕ್ಯಾಂಪಸ್ಸಿನ ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಂಡು, ಜ್ಯೂಸ್ ಕೊಟ್ಟು, ಕೊನೆಗೆ ಕುರ್ಚಿ ಮಡಚಿಟ್ಟವರೂ ಒಂದು ಫ್ರಾಟರ್ನಿಟಿಯವರೇ. ಹೆಸರು ಆಲ್ಫಾ ಫೈ ಒಮೇಗಾ, ಸೇವೆಗೆಂದೇ ಇರುವ ಸಂಘ. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ, ಸ್ಕೌಟಿಂಗ್ ಹಿನ್ನೆಲೆಯ ಹುಡುಗರು ಕಟ್ಟಿದ್ದು. 1976ರಿಂದ ಹುಡುಗಿಯರಿಗೂ ಪ್ರವೇಶವಿದೆ.

ಸೆಮಿಸ್ಟರ್‌ಗೆ ಇಷ್ಟು ಗಂಟೆ ಸೇವೆ ಅಂತ ಅದರ ಇಲ್ಲಿನ ಚಾಪ್ಟರ್ (ಶಾಖೆ) ಲೆಕ್ಕ ಇಡುತ್ತದಂತೆ. ಸೇವೆಗೂ ಅಟೆಂಡೆನ್ಸಾ ಅಂತ ನಗು ಬಂತು. ಊರಲ್ಲಿ ಎನ್‌ಎಸ್‌ಎಸ್‌ಗೆ ವರ್ಷಕ್ಕೆ 120 ಗಂಟೆ ನಾವೂ ತುಂಬಿಸುತ್ತಿದ್ದೆವಲ್ಲ! ಆದರೆ ನಮ್ಮಲ್ಲಿ ಕ್ಯಾಂಪ್ ಮುಗಿದರೆ ಗುಂಪೂ ಚದುರುತ್ತಿತ್ತು. ಇವರು ಒಟ್ಟಿಗೆ ಊಟಕ್ಕೆ ಹೊರಟರು. ಸುಮ್ನೆ ನಿಂತಿದ್ದ ನನ್ನನ್ನೂ ಕರೆದರು. ಮುಂದಿನ ಸೆಮಿಸ್ಟರ್ ಸೇರೋಣ ಅಂತಿದ್ದೇನೆ.