ನೀನೇ ಹಾಡು

ತುಮಕೂರು ಪಕ್ಕದ ಕ್ಯಾತ್ಸಂದ್ರದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಮೊನ್ನೆ ಭಾನುವಾರ ಒಂದು ಮಾತು ಕಿವಿಗೆ ಬಿತ್ತು. ಇನ್ನೂ ತಲೆಯಿಂದ ಹೋಗಿಲ್ಲ.

"ಡಿಸೆಂಬರ್ ಫೆಸ್ಟ್ ತನಕ ಇರ್ತೀನಿ ಮಗಾ. ಆಮೇಲೆ ಒಬ್ಬನೇ ಹಾಡ್ತೀನಿ."

"ಹಂಗಾದ್ರೆ ಬ್ಯಾಂಡಲ್ಲಿ ಹಾಡೋರ್ಯಾರು?"

"ನೀನೇ ಹಾಡು."

ಕೇಳಿದವನು ನಮ್ಮಕ್ಕನ ಮಗ, ಡ್ರಮ್ಸ್ ಬಾರಿಸುತ್ತಾನೆ. ಹೇಳಿದವನು ಬ್ಯಾಂಡಿನ ಗಾಯಕ. ಶೆಡ್ಡಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಅಕ್ಕಪಕ್ಕದವರ ಬೈಗುಳಕ್ಕೆ ಹೆದರಿ ಡ್ರಮ್ಮಿನ ಮೇಲೆ ಟವೆಲ್ ಹಾಸಿ, ಕಷ್ಟಪಟ್ಟು ಕಟ್ಟಿದ ತಂಡ ಅದು. ಗಾಯಕ ಮೈಕಿನ ವೈರನ್ನು ಮೊಣಕೈಗೆ ಸುತ್ತುತ್ತಿದ್ದ. ಆ ಮಾತು ಹೇಳುವಾಗ ಸುತ್ತುವುದನ್ನು ನಿಲ್ಲಿಸಿ, ಇವನ ಮುಖ ನೋಡಿಯೇ ಹೇಳಿದ. ನಮ್ಮ ಹುಡುಗ ತಲೆ ಎತ್ತಲಿಲ್ಲ. ಕೋಲುಗಳನ್ನು ಬ್ಯಾಗಿಗೆ ತುರುಕಿ ಎದ್ದು ಹೋದ.

ರಾತ್ರಿ ಊಟಕ್ಕೆ ಕೂತಾಗ ಕೊತಕೊತ ಕುದಿಯುತ್ತಿದ್ದ. "ಡ್ರಮ್ಸ್ ಹಿಂದೆ ಕೂತೋನಿಗೆ ಹಾಡು ಅಂತಾನೆ. ನನ್ನ ಆಡ್ಕೊಳ್ತಿದಾನೆ ಮಾವ." ಅಕ್ಕನಿಗೆ ಒಳಗೊಳಗೇ ಸಮಾಧಾನ. ತಂಡ ಒಡೆದರೆ ಹುಡುಗ ಓದ್ತಾನೆ ಅಂತ ಅವಳ ಲೆಕ್ಕ. ನನಗದು ಸರಿ ಅನಿಸಲಿಲ್ಲ. ಮನಸ್ಸು ಮುರಿದವನು ಪುಸ್ತಕ ಹಿಡಿದ ಮಾತ್ರಕ್ಕೆ ಓದಿಬಿಡ್ತಾನಾ?

ನನಗೆ ಪೀಟರ್ ಗೇಬ್ರಿಯಲ್ ನೆನಪಾದರು. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಕ್ಯಾಸೆಟ್ ಸವೆಯುವಷ್ಟು ಕೇಳಿದ ದನಿ ಅದು. ಇಂಗ್ಲೆಂಡಿನ ಜೆನೆಸಿಸ್ ಅನ್ನೋ ರಾಕ್ ಬ್ಯಾಂಡಿನ ಗಾಯಕ. 1967ರಲ್ಲಿ ಶಾಲೆಯ ಗೆಳೆಯರು ಸೇರಿ ಕಟ್ಟಿದ ತಂಡ. 1974ರಲ್ಲಿ ದೊಡ್ಡ ಪ್ರವಾಸ ಶುರುವಾದ ಸ್ವಲ್ಪ ದಿನಕ್ಕೇ ಅವರು ಉಳಿದವರನ್ನು ಕೂರಿಸಿ, ನಾನು ಬಿಡ್ತೀನಿ ಅಂದರು. ಆ ವರ್ಷ ಹುಟ್ಟಿದ್ದ ಮಗಳಿಗೆ ಹುಟ್ಟುವಾಗಲೇ ತೊಂದರೆಯಾಗಿತ್ತು, ಮನಸ್ಸೆಲ್ಲ ಅಲ್ಲಿತ್ತು. ಆದರೂ ಒಪ್ಪಿಕೊಂಡ ಪ್ರವಾಸವನ್ನು ಅರ್ಧಕ್ಕೆ ಬಿಡಲಿಲ್ಲ. 1975ರ ಮೇ ತನಕ ಹಾಡಿ ಪ್ರವಾಸ ಮುಗಿಸಿಯೇ ಹೊರಟರು.

ಇದನ್ನೇ ಅಲ್ವಾ ನಮ್ಮ ಶೆಡ್ಡಿನ ಗಾಯಕನೂ ಮಾಡಿದ್ದು? ಫೆಸ್ಟಿನ ಹಿಂದಿನ ದಿನ ಫೋನ್ ಆಫ್ ಮಾಡಿಕೊಂಡು ಮಾಯವಾಗಬಹುದಿತ್ತು. ಅಂಥವರನ್ನು ಆರ್ಕೆಸ್ಟ್ರಾಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಇವನು ಎದುರಿಗೆ ನಿಂತು, ಮುಂಚಿತವಾಗಿ ಹೇಳಿದ. ಅಷ್ಟಕ್ಕೇ ನನಗೆ ಅವನ ಮೇಲೆ ಗೌರವ ಜಾಸ್ತಿಯಾಯಿತು. ಬೇಸ್ ಗಿಟಾರಿನ ಹುಡುಗನ ಬಗ್ಗೆ ಹಾಗನ್ನಲಾರೆ. ಇಷ್ಟೆಲ್ಲ ನಡೀತಿದ್ದರೂ ಫೋನಿನಿಂದ ಕಣ್ಣು ತೆಗೆದಿರಲಿಲ್ಲ.

ಗೇಬ್ರಿಯಲ್ ಹೋದ ಮೇಲೆ ಜೆನೆಸಿಸ್‌ನವರು ಹೊಸ ಗಾಯಕನಿಗಾಗಿ ಹುಡುಕದ ಜಾಗವಿಲ್ಲ. ಎಷ್ಟೋ ಜನ ಬಂದು ಹಾಡಿ ಹೋದರು. ಬಂದವರಿಗೆಲ್ಲ ಹಾಡು ಹೇಳಿಕೊಡುತ್ತಿದ್ದವರು ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್. ಕೊನೆಗೆ ಹಾಡಿದ್ದೂ ಅವರೇ! 1976ರ ಪ್ರವಾಸಕ್ಕೆ ಬಿಲ್ ಬ್ರೂಫರ್ಡ್ ಅವರನ್ನು ಡ್ರಮ್ಸಿಗೆ ಕರೆಸಿಕೊಂಡು ಕಾಲಿನ್ಸ್ ಮೈಕಿನ ಮುಂದೆ ನಿಂತರು. ತಂಡ ಮೊದಲಿಗಿಂತ ದೊಡ್ಡದಾಯಿತು. ಮುಂದೆ ಕಾಲಿನ್ಸ್ ಕೂಡ ಒಂಟಿಯಾಗಿ ಹಾಡಿ ಲೋಕಪ್ರಸಿದ್ಧರಾದರು.

ನನಗೆ ಇಷ್ಟವಾಗುವ ಭಾಗ ಇದರ ನಂತರದ್ದು. 1980ರಲ್ಲಿ ಹೊರಬಂದ ತಮ್ಮ ಮೂರನೇ ಆಲ್ಬಂ ಗೇಬ್ರಿಯಲ್ ಮಾಡುವಾಗ ಡ್ರಮ್ಸ್ ಬಾರಿಸಲು ಇದೇ ಕಾಲಿನ್ಸ್ ಬಂದರು. ಸಿಂಬಲ್, ಅಂದ್ರೆ ಡ್ರಮ್ಸ್ ಜೊತೆಗಿರೋ ಲೋಹದ ತಟ್ಟೆ, ಮುಟ್ಟಬಾರದು ಅಂತ ಷರತ್ತು. ಆ ಸ್ಟುಡಿಯೋದಲ್ಲಿ ಹುಟ್ಟಿದ ಧಡ್ ಅನ್ನೋ ಸದ್ದೇ ಮರುವರ್ಷ ಕಾಲಿನ್ಸ್ ಅವರ ಸ್ವಂತ ಹಾಡಿಗೂ ಬಂತು. 1982ರಲ್ಲಿ ಗೇಬ್ರಿಯಲ್ ವೋಮ್ಯಾಡ್ ಅನ್ನೋ ಸಂಗೀತೋತ್ಸವ ಶುರು ಮಾಡಿ ಸಾಲದಲ್ಲಿ ಮುಳುಗಿದಾಗ ಹಳೇ ತಂಡದವರೇ ಕೈ ಹಿಡಿದರು. ಮಿಲ್ಟನ್ ಕೀನ್ಸ್‌ನಲ್ಲಿ ಅವರ ಜೊತೆ ನಿಂತು ಒಂದು ಕಾರ್ಯಕ್ರಮ ಕೊಟ್ಟು ದುಡ್ಡು ಎತ್ತಿದರು. 1986ರ ಜುಲೈನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಜೆನೆಸಿಸ್ ಹಾಡು ಮೊದಲ ಸ್ಥಾನದಲ್ಲಿತ್ತು. ಅದನ್ನು ಕೆಳಗಿಳಿಸಿ ಆ ಜಾಗಕ್ಕೆ ಬಂದದ್ದು ಗೇಬ್ರಿಯಲ್ ಹಾಡು.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ ರಾಜ್‌ಕುಮಾರ್, ಬಾಲಕೃಷ್ಣ, ನಮ್ಮ ತಿಪಟೂರಿನ ನರಸಿಂಹರಾಜು. ಅವರು ಕಂಪನಿ ಬಿಟ್ಟು ಸಿನಿಮಾಕ್ಕೆ ಹೋದರು. ಯಾರಾದರೂ ಅವರನ್ನು ಕೈಕೊಟ್ಟವರು ಅಂದಿದ್ದುಂಟಾ? ಗುಬ್ಬಿ ವೀರಣ್ಣನವರ ಹೆಸರು ಅದರಿಂದ ಚಿಕ್ಕದಾಯಿತಾ? ಕಲಿತ ಜಾಗ ಬಿಟ್ಟು ಹೊರಡೋದು ಕಲೆಯಲ್ಲಿ ಸಹಜ. ನಮ್ಮ ಮನೆಗಳಲ್ಲಿ ಮಾತ್ರ ಹೊರಟವನು ಅಹಂಕಾರಿ, ಉಳಿದವನು ಪಾಪದವನು ಅಂತ ತಕ್ಷಣ ತೀರ್ಪು ಕೊಟ್ಟುಬಿಡುತ್ತೇವೆ. ಉಳಿದವನ ದನಿ ಹೇಗಿದೆ ಅಂತ ಯಾರೂ ಕೇಳಲ್ಲ. ಮುಂದೆ ನಿಂತವನು ಇರೋವರೆಗೆ ಹಿಂದೆ ಕೂತವನಿಗೂ ಗಂಟಲಿದೆ ಅನ್ನೋದು ಯಾರ ಗಮನಕ್ಕೂ ಬರಲ್ಲ. ಎಷ್ಟೋ ಸಲ ಅವನಿಗೇ ಗೊತ್ತಿರಲ್ಲ.

"ನೀನೇ ಹಾಡು." ಈ ಮಾತನ್ನು ವಾರವಿಡೀ ತಿರುಗಿಸಿ ತಿರುಗಿಸಿ ನೋಡಿದೆ. ವ್ಯಂಗ್ಯ ಮಾಡುವವನು ಕೈಲಿದ್ದ ಕೆಲಸ ನಿಲ್ಲಿಸಲ್ಲ. ಹೇಳಿ ಮುಂದೆ ಹೋಗ್ತಾನೆ. ಇವನು ನಿಲ್ಲಿಸಿದ್ದ. ಅವನಿಗೆ ಗೊತ್ತಿದೆ, ಪ್ರತಿ ಹಾಡಿನ ಚರಣದಲ್ಲೂ ಎರಡನೇ ದನಿ ಎತ್ತುವವನು ನಮ್ಮ ಹುಡುಗನೇ. ಉಸಿರು ಸಾಲದೆ ಗಾಯಕ ಬಿಟ್ಟ ಜಾಗವನ್ನು ಎಷ್ಟು ಸಲ ಇವನು ತುಂಬಿಲ್ಲ! ಪಕ್ಕದಲ್ಲಿ ನಿಂತು ಹಾಡಿದವನಿಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತಿರುತ್ತೆ?

ಇದನ್ನೇ ಗುರುವಾರ ಹುಡುಗನಿಗೆ ಹೇಳಿದೆ. ಕಾಲಿನ್ಸ್ ಕಥೆಯನ್ನೂ ಹೇಳಿದೆ. "ಅದೆಲ್ಲ ಇಂಗ್ಲೆಂಡಲ್ಲಿ ಮಾವ" ಅಂದ. ನಾನೂ ಒತ್ತಾಯ ಮಾಡಲಿಲ್ಲ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಬರೋ ಭಾನುವಾರ ಹೊಸ ಗಾಯಕರನ್ನು ಕೇಳೋದಕ್ಕೆ ಶೆಡ್ ಬೇಕಂತೆ, ಕಾಲೇಜಿನಿಂದ ನಾಲ್ಕೈದು ಜನ ಬರ್ತಾರಂತೆ. "ಟ್ಯೂನ್ ಹೇಳಿಕೊಡೋದು ನಾನೇ ಅಂತಿದಾನೆ ಕಣೋ. ಬೆಳಗ್ಗಿಂದ ರೂಮಲ್ಲಿ ಬಾಗಿಲು ಹಾಕ್ಕೊಂಡು ಹಾಡ್ತಿದಾನೆ" ಅಂದಳು. ಹೊರಟವನೂ ಅವತ್ತು ಬರ್ತಾನಂತೆ, ಇವನೇ ಕರೆದಿದ್ದಂತೆ.